ಖಿನ್ನತೆಯಲ್ಲಿ ಊಟ: ಮೊದಲು ಹೊತ್ತು, ಆಮೇಲೆ ತಟ್ಟೆ

ಖಿನ್ನತೆಯಿಂದ ಬಳಲುವವರಿಗೆ ಸಲಹೆ ಕೊಡುವವರಿಗೇನೂ ಕಡಿಮೆಯಿಲ್ಲ. ಹಣ್ಣು ತಿನ್ನಿ, ಸೊಪ್ಪು ತಿನ್ನಿ, ಬೇಗ ಏಳಿ, ಒಂದು ಗಂಟೆ ವಾಕಿಂಗ್ ಹೋಗಿ, ಪ್ರಾಣಾಯಾಮ ಮಾಡಿ. ಇದರಲ್ಲಿ ಯಾವುದೂ ತಪ್ಪಲ್ಲ. ಆದರೆ ಎದ್ದು ಹಲ್ಲುಜ್ಜುವುದೇ ಬೆಟ್ಟದಷ್ಟಾಗಿರುವವರ ಕೈಗೆ ಈ ಪಟ್ಟಿ ಕೊಟ್ಟರೆ ಅವರು ಮೂರು ದಿನ ಮಾಡುತ್ತಾರೆ, ನಾಲ್ಕನೇ ದಿನ ಕೈಬಿಡುತ್ತಾರೆ. "ನನ್ನಿಂದ ಇದೂ ಆಗಲಿಲ್ಲ" ಎಂಬ ಮಾತು ಅವರ ಮನಸ್ಸಿನಲ್ಲಿ ಕೂತುಬಿಡುತ್ತದೆ. ಖಿನ್ನತೆಯಲ್ಲಿ ಏನು ತಿನ್ನಬೇಕೆಂದು ಗೊತ್ತಿಲ್ಲದೆ ಯಾರೂ ಸೋಲುವುದಿಲ್ಲ. ಗೊತ್ತಿದ್ದೂ ಮಾಡಲಾಗದಂತೆ ಮಾಡುವುದೇ ಆ ಕಾಯಿಲೆ.

ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಶುರುಮಾಡಬಾರದು. ಮೊದಲು ರಕ್ತದಲ್ಲಿ ಏನಾದರೂ ಕೊರತೆಯಿದೆಯೇ ನೋಡಬೇಕು. ಆಮೇಲೆ ಏಳುವ ಮತ್ತು ಉಣ್ಣುವ ಹೊತ್ತು ಗಟ್ಟಿಮಾಡಬೇಕು. ತಟ್ಟೆಯಲ್ಲಿ ಏನಿರಬೇಕು ಎನ್ನುವುದು ಅದಾದ ಮೇಲಿನ ಮಾತು. ಪ್ರತಿ ಹೆಜ್ಜೆಯೂ ಅತ್ಯಂತ ಕೆಟ್ಟ ದಿನದಲ್ಲೂ ಮಾಡಬಹುದಾದಷ್ಟು ಚಿಕ್ಕದಿರಬೇಕು.

ಊಟದಿಂದ ಎಷ್ಟು ಆಗುತ್ತದೆ, ಎಷ್ಟು ಆಗುವುದಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದ ಫೆಲೀಸ್ ಜಾಕಾ ಮತ್ತವರ ತಂಡ 2017ರಲ್ಲಿ ಸ್ಮೈಲ್ಸ್ ಎಂಬ ಅಧ್ಯಯನ ಪ್ರಕಟಿಸಿತು. ಅದರಲ್ಲಿದ್ದ 67 ಜನರಿಗೂ ಖಿನ್ನತೆಯಿತ್ತು, ಎಲ್ಲರ ಊಟವೂ ಮೊದಲು ಚೆನ್ನಾಗಿರಲಿಲ್ಲ. ಒಂದು ಗುಂಪಿಗೆ 12 ವಾರ ಆಹಾರ ತಜ್ಞರು ಊಟ ತಿದ್ದಿಕೊಟ್ಟರು. ಇನ್ನೊಂದು ಗುಂಪಿನವರ ಜೊತೆ ಅಷ್ಟೇ ಹೊತ್ತು ಕೂತು ಮಾತಾಡಿದರು. ಕೊನೆಗೆ ಊಟ ತಿದ್ದಿಕೊಂಡವರಲ್ಲಿ ಶೇ. 32 ಮಂದಿ ಖಿನ್ನತೆಯ ಅಳತೆಯಿಂದ ಹೊರಬಂದಿದ್ದರು, ಮಾತಿನ ಗುಂಪಿನಲ್ಲಿ ಶೇ. 8 ಮಂದಿ. ಇದು ಸಣ್ಣ ಅಧ್ಯಯನ, ತಾವು ಯಾವ ಗುಂಪಿನಲ್ಲಿದ್ದೇವೆಂದು ಅವರಿಗೆ ಗೊತ್ತೂ ಇತ್ತು. ಇನ್ನೊಂದು ಮುಖ್ಯ ಸಂಗತಿಯೆಂದರೆ, ಹೆಚ್ಚಿನವರು ಆಗಲೇ ಮಾತ್ರೆಯನ್ನೋ ಆಪ್ತಸಮಾಲೋಚನೆಯನ್ನೋ ತೆಗೆದುಕೊಳ್ಳುತ್ತಿದ್ದರು. ಊಟ ಅದಕ್ಕೆ ಜೊತೆಯಾಯಿತು, ಅದರ ಬದಲಿಗೆ ಬರಲಿಲ್ಲ. "ಮಾತ್ರೆ ಬೇಡ, ಊಟದಲ್ಲೇ ಸರಿಮಾಡೋಣ" ಎನ್ನುವವರು ಇದನ್ನು ಗಮನಿಸಬೇಕು.

ಯಾರು ಎಷ್ಟು ಕಾಯಬಹುದು ಎನ್ನುವುದಕ್ಕೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಅಳತೆ ಇದೆ. ಕಳೆದ ಎರಡು ವಾರ ಹೇಗಿದ್ದಿರಿ ಎಂದು ಅದು ಕೇಳುತ್ತದೆ, ಒಟ್ಟು ಅಂಕ 27. ಐದರಿಂದ ಒಂಬತ್ತು ಬಂದರೆ ಸೌಮ್ಯ. ಅಂಥವರು ಇಲ್ಲಿ ಬರೆದಿರುವುದನ್ನು ಒಂದು ತಿಂಗಳು ಮಾಡಿ ಮತ್ತೆ ಅಳೆದುಕೊಳ್ಳಬಹುದು. ಹತ್ತು ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. 15 ಅಥವಾ ಹೆಚ್ಚು ಬಂದರೆ ಊಟದ ಪ್ರಯೋಗ ಮಾಡುತ್ತಾ ದಿನ ತಳ್ಳಬಾರದು. ಒಂಬತ್ತನೇ ಪ್ರಶ್ನೆ ಸಾಯಬೇಕೆನಿಸುವ ಬಗ್ಗೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಯಾವ ಉತ್ತರ ಬಂದರೂ ಒಟ್ಟು ಅಂಕ ನೋಡುತ್ತಾ ಕೂರದೆ ಅವತ್ತೇ ಮನೆಯವರಿಗೆ ಹೇಳಿ, 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಉಚಿತ, ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ, ಅಲ್ಲಿ ಖರ್ಚೂ ಕಡಿಮೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿದ ಕೆಲಸ.

ಮೊದಲು ರಕ್ತ ಪರೀಕ್ಷೆ

ಸುಸ್ತು, ಮಂಕು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಮರೆವು. ಇವೆಲ್ಲ ಖಿನ್ನತೆಯ ಲಕ್ಷಣಗಳೂ ಹೌದು, ಬಿ12, ಕಬ್ಬಿಣಾಂಶ ಅಥವಾ ಥೈರಾಯ್ಡ್ ಕೊರತೆಯ ಲಕ್ಷಣಗಳೂ ಹೌದು. ಆದ್ದರಿಂದ ಪೂರ್ಣ ರಕ್ತಕಣ ಎಣಿಕೆ, ಬಿ12, ಫೆರಿಟಿನ್ (ಕಬ್ಬಿಣಾಂಶಕ್ಕೆ), ಟಿಎಸ್‌ಎಚ್ (ಥೈರಾಯ್ಡಿಗೆ), ವಿಟಮಿನ್ ಡಿ, ಖಾಲಿ ಹೊಟ್ಟೆಯ ಶುಗರ್, ಇಷ್ಟನ್ನು ಒಮ್ಮೆ ಮಾಡಿಸಿಕೊಳ್ಳಿ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಲು ಶುರುಮಾಡುವ ಮೊದಲೇ ರಕ್ತ ಕೊಡಿ. ಮಾತ್ರೆ ಹೊಟ್ಟೆಗೆ ಹೋದ ಮೇಲೆ ಬಿ12 ಸಂಖ್ಯೆ ಏರಿಬಿಡುತ್ತದೆ, ನಿಜವಾದ ಸ್ಥಿತಿ ತಿಳಿಯುವುದಿಲ್ಲ. ಕೂದಲು ಉದುರುವುದಕ್ಕೆ ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ಎರಡು ದಿನ ಮೊದಲು ನಿಲ್ಲಿಸಿ. ಅದು ಎಷ್ಟೋ ಲ್ಯಾಬುಗಳ ಥೈರಾಯ್ಡ್ ಪರೀಕ್ಷೆಯನ್ನು ತಪ್ಪಾಗಿ ತೋರಿಸುತ್ತದೆ.

ನಮ್ಮ ಕಡೆ ಹೆಚ್ಚು ಕಣ್ಣು ತಪ್ಪಿಸಿಕೊಳ್ಳುವುದು ಬಿ12. ಸಸ್ಯಾಹಾರಿಗಳು, ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು, ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಎಂದು ಪ್ಯಾಂಟೊಪ್ರಜೋಲ್ ನುಂಗುತ್ತಿರುವವರು, 60 ದಾಟಿದವರು, ಇವರೆಲ್ಲರಲ್ಲಿ ಇದರ ಕೊರತೆ ಸಾಮಾನ್ಯ. ವರದಿಯಲ್ಲಿ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಇದ್ದಂತೆಯೇ. 200ರಿಂದ 300ರ ನಡುವೆ ಇದ್ದರೆ ಅನುಮಾನ. ಆಗ ಕಾಲು ಜುಮ್ಮೆನ್ನುವುದು, ನಾಲಿಗೆ ಉರಿ, ನಡೆಯುವಾಗ ತೂರಾಡಿದಂತಾಗುವುದು ಇದೆಯೇ ಎಂದು ವೈದ್ಯರು ಕೇಳಿ ತೀರ್ಮಾನಿಸುತ್ತಾರೆ. ಬಿ12 ಕಡಿಮೆಯಾದಾಗ ರಕ್ತಕಣ ದೊಡ್ಡದಾಗಬೇಕು, ಕಬ್ಬಿಣಾಂಶ ಕಡಿಮೆಯಾದಾಗ ಚಿಕ್ಕದಾಗಬೇಕು. ಎರಡೂ ಒಟ್ಟಿಗೆ ಕಡಿಮೆಯಿದ್ದರೆ ಒಂದನ್ನೊಂದು ಮುಚ್ಚಿ ಗಾತ್ರ ಸರಿಯಾಗಿಯೇ ಕಾಣುತ್ತದೆ. "ರಕ್ತ ಪರೀಕ್ಷೆ ನಾರ್ಮಲ್" ಎಂಬ ಮಾತಿಗೆ ಅಲ್ಲಿಗೇ ನಿಲ್ಲಬಾರದು ಅನ್ನುವುದು ಇದಕ್ಕೇ.

ಮೊಸರು, ಅಂಬಲಿ, ಇಡ್ಲಿ ಹಿಟ್ಟು ಹುದುಗಿರುವುದರಿಂದ ಬಿ12 ಸಿಗುತ್ತದೆ ಎಂಬ ನಂಬಿಕೆ ಬಹಳ ಇದೆ. ಹುದುಗಿದ ಅಂಬಲಿಯಿಂದಲೋ ಇಡ್ಲಿಯಿಂದಲೋ ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ. ಹಾಲು ಮೊಸರಿನಲ್ಲಿ ಇದೆ: ಒಂದು ದೊಡ್ಡ ಲೋಟ ಹಾಲಿಗೆ ಸುಮಾರು ಒಂದು ಮೈಕ್ರೋಗ್ರಾಂ, ಒಂದು ಮೊಟ್ಟೆಗೆ ಅದರ ಅರ್ಧ. ದಿನಕ್ಕೆ ಬೇಕಾದದ್ದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ. ದಿನಕ್ಕೆ ಎರಡು ಲೋಟ ಹಾಲು, ಒಂದು ಬಟ್ಟಲು ಗಟ್ಟಿ ಮೊಸರು ತಿನ್ನುವವರು ಕೊರತೆ ಬಾರದಂತೆ ನೋಡಿಕೊಳ್ಳಬಹುದು. ಕಾಫಿಗೆ ಹಾಕುವ ಹಾಲು ಮತ್ತು ನೀರು ಮಜ್ಜಿಗೆ ಆ ಲೆಕ್ಕಕ್ಕೆ ಸಾಲುವುದಿಲ್ಲ. ಕೊರತೆ ಈಗಾಗಲೇ ಇದ್ದರೆ ಊಟದಿಂದ ತುಂಬಿಕೊಳ್ಳಲಾಗದು. ವೈದ್ಯರು ಸಾಮಾನ್ಯವಾಗಿ ದಿನಕ್ಕೆ 1000ದಿಂದ 1500 ಮೈಕ್ರೋಗ್ರಾಂ ಮಾತ್ರೆ ಅಥವಾ ಇಂಜೆಕ್ಷನ್ ಬರೆಯುತ್ತಾರೆ. ಅಷ್ಟು ದೊಡ್ಡ ಪ್ರಮಾಣ ಏಕೆಂದರೆ ಮಾತ್ರೆಯಿಂದ ದೇಹ ಹೀರಿಕೊಳ್ಳುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಬಿ12 ನೋಡದೆ ಫೋಲಿಕ್ ಆಮ್ಲ ಒಂದನ್ನೇ ತಿಂಗಳುಗಟ್ಟಲೆ ತೆಗೆದುಕೊಳ್ಳುವುದು ಅಪಾಯ: ರಕ್ತಹೀನತೆ ಸರಿಯಾದಂತೆ ಕಂಡು, ನರಗಳ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಕಬ್ಬಿಣದ ಮಾತ್ರೆ ಕೆಲಸ ಮಾಡಲಿಲ್ಲ ಎನ್ನುವವರು ಅದನ್ನು ಹೇಗೆ ತೆಗೆದುಕೊಂಡರು ಎಂದು ಕೇಳಿ. ತಿಂಡಿ ಆದ ಮೇಲೆ, ಕಾಫಿ ಜೊತೆ, ಕೆಲವೊಮ್ಮೆ ಕ್ಯಾಲ್ಸಿಯಂ ಮಾತ್ರೆಯ ಜೊತೆಗೇ ನುಂಗಿರುತ್ತಾರೆ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ನಾಲ್ಕೂ ಕಬ್ಬಿಣವನ್ನು ತಡೆಯುತ್ತವೆ. ಇವುಗಳಿಂದ ಕನಿಷ್ಠ ಒಂದೆರಡು ಗಂಟೆ ದೂರವಿಟ್ಟು, ಅರ್ಧ ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಅದೇ ಮಾತ್ರೆ ಮೈಗೆ ಹತ್ತುತ್ತದೆ. ಥೈರಾಯ್ಡ್ ಮಾತ್ರೆಗೂ ಇದೇ ಶಿಸ್ತು ಬೇಕು. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬಿಡಬೇಕು.

ವಿಟಮಿನ್ ಡಿ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆ. ಅದಕ್ಕೆ ಬರೆಯುವ 60,000 ಯೂನಿಟ್ ಮಾತ್ರೆಯನ್ನು ವಾರಕ್ಕೊಂದರಂತೆ, ಸಾಮಾನ್ಯವಾಗಿ ಎಂಟು ವಾರ, ಊಟವಾದ ಮೇಲೆ ತೆಗೆದುಕೊಳ್ಳಬೇಕು. ಇದನ್ನು ದಿನಕ್ಕೊಂದು ನುಂಗಿ ಆಸ್ಪತ್ರೆ ಸೇರುವವರಿದ್ದಾರೆ. ಎಂಟು ವಾರ ಮುಗಿದ ಮೇಲೂ ಅದೇ ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ತರುತ್ತಲೇ ಇರುವವರೂ ಇದ್ದಾರೆ. ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ, ಗೊಂದಲ ಶುರುವಾದಾಗ ಅದನ್ನೂ "ಡಿಪ್ರೆಶನ್ ಜಾಸ್ತಿಯಾಗಿದೆ" ಎಂದುಕೊಳ್ಳುವ ಸಾಧ್ಯತೆಯಿದೆ.

ನಾಲ್ಕು ಹೊತ್ತು

ಖಿನ್ನತೆಯಲ್ಲಿ ಮೊದಲು ಕೆಡುವುದು ದಿನದ ಗಡಿಯಾರ. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಏಳಕ್ಕೆ ಮತ್ತೆ ಜೊಂಪು, ಹತ್ತೂವರೆಗೆ ಏಳುವುದು, ಬರೀ ಕಾಫಿ, ಮಧ್ಯಾಹ್ನ ಮೂರಕ್ಕೆ ನಾಲ್ಕು ತುತ್ತು, ರಾತ್ರಿ ಹನ್ನೊಂದಕ್ಕೆ ಬಿಸ್ಕತ್ತು. ಹೀಗಾದಾಗ ಹಸಿವಿನ ಸೂಚನೆಯೇ ನಿಂತುಹೋಗುತ್ತದೆ. ಖಾಲಿ ಹೊಟ್ಟೆಯಲ್ಲಿ ಕಾಫಿ ಕುಡಿದಾಗಿನ ಎದೆಬಡಿತ, ಕೈನಡುಕಗಳು ಆತಂಕದಂತೆಯೇ ಅನಿಸುತ್ತವೆ. ಖಾಲಿ ಹೊಟ್ಟೆಯಲ್ಲಿ ನುಂಗಿದ ಸರ್ಟ್ರಲಿನ್, ಎಸ್ಸಿಟಲೋಪ್ರಾಂ ಮೊದಲಾದ ಖಿನ್ನತೆಯ ಮಾತ್ರೆ ಓಕರಿಕೆ ತರಬಹುದು. ಓಕರಿಕೆ ಬಂತೆಂದು ಮಾತ್ರೆ ಬಿಡುತ್ತಾರೆ. ತಿಂಡಿ ತಪ್ಪಿದ್ದರಿಂದ ಚಿಕಿತ್ಸೆಯೇ ತಪ್ಪುವುದು ಹೀಗೆ.

ಮಾಡಬೇಕಾದದ್ದು ಇಷ್ಟು. ಏಳುವ ಹೊತ್ತನ್ನು ಗೊತ್ತುಮಾಡಿ, ರಾತ್ರಿ ನಿದ್ದೆ ಬರಲಿ ಬಿಡಲಿ ಅದರಿಂದ ಅರ್ಧ ಗಂಟೆಗಿಂತ ಹೆಚ್ಚು ಜಾರಬೇಡಿ. ಎದ್ದ ಒಂದು ಗಂಟೆಯೊಳಗೆ ಏನಾದರೂ ಹೊಟ್ಟೆಗೆ ಹೋಗಲಿ. ಆಮೇಲೆ ಮಧ್ಯಾಹ್ನ ಒಂದು, ಸಂಜೆ ಐದು, ರಾತ್ರಿ ಎಂಟು. ಮೊದಲ ಎರಡು ವಾರ ಏನು ತಿಂದಿರಿ ಎಂಬ ಚಿಂತೆಯೇ ಬೇಡ. ಗಂಟೆಗೆ ಸರಿಯಾಗಿ ನಾಲ್ಕು ತುತ್ತು ಹೋದರೂ ಅವತ್ತಿನ ಕೆಲಸ ಆಯಿತು.

ಪ್ರತಿ ಹೊತ್ತಿಗೂ ಎರಡು ರೂಪ ಇಟ್ಟುಕೊಳ್ಳಿ, ಒಳ್ಳೆಯ ದಿನದ್ದು ಮತ್ತು ಕೆಟ್ಟ ದಿನದ್ದು. ಒಳ್ಳೆಯ ದಿನ ಬೆಳಗ್ಗೆ ರಾಗಿ ರೊಟ್ಟಿ, ಚಟ್ನಿ, ಒಂದು ಮೊಟ್ಟೆ. ಕೆಟ್ಟ ದಿನ ರಾಗಿ ಹುರಿಹಿಟ್ಟು. ಅರಳು ರಾಗಿಯನ್ನು ಬೀಸಿದ ಈ ಹಿಟ್ಟನ್ನು ಬೇಯಿಸುವ ಗೋಜಿಲ್ಲ. ಮೂರು ಚಮಚ ಹಿಟ್ಟು, ಒಂದು ಲೋಟ ಕಾಯಿಸಿ ಆರಿದ ಹಾಲು, ಸ್ವಲ್ಪ ಬೆಲ್ಲದ ಪುಡಿ ಹಾಕಿ ಕಲಕಿ ಕುಡಿದರೆ ಮುಗಿಯಿತು. ಖಿನ್ನತೆಯಲ್ಲಿರುವವರ ಮನೆಯಲ್ಲಿ ಇದಕ್ಕಿಂತ ಉಪಯೋಗದ ಡಬ್ಬಿ ಇನ್ನೊಂದಿಲ್ಲ.

ಒಲೆ ಹಚ್ಚುವಷ್ಟು ಶಕ್ತಿಯಿದ್ದರೆ ರಾಗಿ ಗಂಜಿ ಮಾಡಬಹುದು. ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ. ಇನ್ನೊಂದು ಲೋಟ ನೀರು ಕುದಿಯಲು ಬಂದಾಗ ಸಣ್ಣ ಉರಿಯಲ್ಲಿ ಇದನ್ನು ಸುರಿಯುತ್ತಾ ಕೈಬಿಡದೆ ತಿರುವಿ. ಐದಾರು ನಿಮಿಷಕ್ಕೆ ಬಣ್ಣ ಗಾಢವಾಗಿ, ಮೇಲೆ ಹೊಳಪು ಬರುತ್ತದೆ. ಅದಕ್ಕೂ ಮೊದಲು ಇಳಿಸಿದರೆ ಹಸಿ ಹಿಟ್ಟಿನ ವಾಸನೆ ಉಳಿದು ಎರಡನೇ ದಿನ ಬೇಡವೆನಿಸುತ್ತದೆ. ಒಣ ಹಿಟ್ಟನ್ನು ಬಿಸಿನೀರಿಗೆ ನೇರ ಹಾಕಿದರೆ ಹೊರಗೆ ಬೆಂದು ಒಳಗೆ ಹಸಿಯಿರುವ ಗಂಟುಗಳಾಗುತ್ತವೆ. ಬರೀ ನೀರಿನಲ್ಲಿ ಮಾಡಿದ ತೆಳು ಗಂಜಿಯಲ್ಲಿ ಪ್ರೋಟೀನು ಎರಡು ಗ್ರಾಮೂ ಇರುವುದಿಲ್ಲ. ಇಳಿಸಿದ ಮೇಲೆ ಒಂದು ಲೋಟ ಹಾಲೋ ಒಂದು ಬಟ್ಟಲು ಗಟ್ಟಿ ಮೊಸರೋ ಸೇರಿಸಿ, ಒಂದು ಚಮಚ ಹುರಿದ ಕಡಲೆಬೀಜದ ಪುಡಿ ಹಾಕಿ. ಆಗ ಹತ್ತು ಗ್ರಾಂ ಹತ್ತಿರಕ್ಕೆ ಬರುತ್ತದೆ.

ಮಧ್ಯಾಹ್ನಕ್ಕೂ ಹೀಗೇ. ತೆಳು ಅವಲಕ್ಕಿಗೆ ಮೊಸರು, ಉಪ್ಪು, ಉಪ್ಪಿನಕಾಯಿ ಕಲಸಿದರೆ ಒಲೆ ಬೇಡ. ಸಂಜೆಗೆ ಒಂದು ಹಿಡಿ ಹುರಿಗಡಲೆ, ಒಂದು ಬಾಳೆಹಣ್ಣು. ರಾತ್ರಿಗೆ ಮೊಸರನ್ನ, ಜೊತೆಗೆ ಬೇಯಿಸಿದ ಮೊಟ್ಟೆ ಅಥವಾ ಹೆಸರುಕಾಳು. ಹುರಿಹಿಟ್ಟು, ತೆಳು ಅವಲಕ್ಕಿ, ಹುರಿಗಡಲೆ, ಕಡಲೆಬೀಜ, ಖರ್ಜೂರ, ಈ ಐದನ್ನು ಒಳ್ಳೆಯ ದಿನವೇ ತಂದು ಅಡುಗೆಮನೆಯಲ್ಲಿ ಎದುರಿಗೇ ಕಾಣುವ ಕಡೆ ಇಡಿ. ಅಟ್ಟದ ಮೇಲಿರುವ ಡಬ್ಬಿಯನ್ನು ಕೆಟ್ಟ ದಿನ ಯಾರೂ ಇಳಿಸುವುದಿಲ್ಲ.

ಕೆಲವರಿಗೆ ಹಸಿವು ಸಾಯುವುದಿಲ್ಲ, ಉಲ್ಟಾ ಸಿಹಿ ಮತ್ತು ಬೇಕರಿ ತಿಂಡಿಯ ಹಪಾಹಪಿ ಹೆಚ್ಚುತ್ತದೆ. ಮಿರ್ಟಾಜಪೀನ್, ಒಲಾಂಜಪೀನ್, ಕ್ವಿಟಿಯಾಪಿನ್ ತೆಗೆದುಕೊಳ್ಳುವವರಿಗೆ ಅದು ಮಾತ್ರೆಯ ಪರಿಣಾಮವೂ ಇರಬಹುದು. ಅವರಿಗೂ ಮದ್ದು ಇದೇ ನಾಲ್ಕು ಹೊತ್ತು, ಪಥ್ಯವಲ್ಲ. ಬೆಳಗ್ಗೆ ಬಿಟ್ಟ ಊಟ ರಾತ್ರಿ ಬೇಕರಿ ತಿಂಡಿಯಾಗಿ ಬರುತ್ತದೆ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ತಿಂಗಳಿಗೆ ಎರಡು ಕೆಜಿಗಿಂತ ಹೆಚ್ಚು ಏರಿದರೆ ಮಾತ್ರೆ ಬಿಡದೆ ವೈದ್ಯರಿಗೆ ಹೇಳಿ, ಬೇರೆ ಮಾತ್ರೆಗಳಿವೆ.

ಉಪವಾಸದ ಬಗ್ಗೆಯೂ ಒಂದು ಮಾತು. ಮನಸ್ಸಿನ ಏರಿಳಿತ ತಡೆಯಲು ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ನಿರ್ಜಲ ಏಕಾದಶಿ, ದಿನವಿಡೀ ನೀರಿಲ್ಲದ ರೋಜಾ ಇತ್ಯಾದಿಗಳನ್ನು ವೈದ್ಯರನ್ನು ಕೇಳದೆ ಮಾಡಲೇಬಾರದು. ನೀರು ಮತ್ತು ಉಪ್ಪು ಕಡಿಮೆಯಾದರೆ ಲಿಥಿಯಂ ರಕ್ತದಲ್ಲಿ ಏರಿ ವಿಷವಾಗುತ್ತದೆ. ಬಿಪಿ ಎಂದು ಉಪ್ಪನ್ನು ಏಕಾಏಕಿ ನಿಲ್ಲಿಸುವುದೂ ಇವರಿಗೆ ಅಪಾಯ.

ತಟ್ಟೆ

ಹೊತ್ತು ಕೂತ ಮೇಲೆ ತಟ್ಟೆ ತಿದ್ದುವುದು ಸುಲಭ. ಮೆಡಿಟರೇನಿಯನ್ ಊಟ ಒಳ್ಳೆಯದು ಎಂದು ಓದಿ ಆಲಿವ್ ಎಣ್ಣೆ, ಬ್ಲೂಬೆರಿ, ಕಿನೋವಾ ತರುವ ಅಗತ್ಯ ಕಾಣುವುದಿಲ್ಲ. ಆ ಊಟದ ಸಾರ ಕಾಳು, ತರಕಾರಿ, ಇಡೀ ಧಾನ್ಯ, ಮೀನು, ಬೀಜಗಳು. ಬಸ್ಸಾರು, ಹುರುಳಿಕಾಳು, ದಂಟಿನ ಸೊಪ್ಪಿನ ಪಲ್ಯ, ಮುದ್ದೆ, ಜೋಳದ ರೊಟ್ಟಿ, ಬಂಗುಡೆ ಸಾರು ಇರುವ ಮನೆಯಲ್ಲಿ ಅದು ಆಗಲೇ ಇದೆ.

ನಮ್ಮ ಊಟ ಎಡವುವುದು ಪ್ರೋಟೀನಿನಲ್ಲಿ. 60 ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು. ದೊಡ್ಡ ಗುಡ್ಡೆ ಅನ್ನ, ಮೇಲೆ ತಿಳಿಸಾರು, ಒಂದು ಹಪ್ಪಳ, ಆಮೇಲೆ ನೀರು ಮಜ್ಜಿಗೆ. ಹೊಟ್ಟೆ ತುಂಬುತ್ತದೆ, ಪ್ರೋಟೀನು ಹತ್ತು ಗ್ರಾಮಿನ ಆಸುಪಾಸು. ಬೇಳೆಯೆಲ್ಲ ಪಾತ್ರೆಯ ತಳದಲ್ಲಿ ಉಳಿದಿರುತ್ತದೆ. ಸೌಟನ್ನು ತಳದವರೆಗೆ ಬಿಟ್ಟು ಗಟ್ಟಿ ಬಡಿಸಿಕೊಂಡರೆ ಅಡುಗೆ ಬದಲಿಸದೆಯೇ ಲೆಕ್ಕ ಬದಲಾಗುತ್ತದೆ. ಒಂದು ಬಟ್ಟಲು ಬೆಂದ ಕಾಳು ಅಥವಾ ಗಟ್ಟಿ ಬೇಳೆಗೆ ಏಳೆಂಟು ಗ್ರಾಂ, ಮೊಟ್ಟೆಗೆ ಆರು, ಹಾಲಿನ ಲೋಟಕ್ಕೆ ಆರೇಳು, ಹಿಡಿ ಹುರಿಗಡಲೆಗೆ ಆರು. ನಾಲ್ಕು ಹೊತ್ತಿಗೆ ಇವುಗಳಲ್ಲಿ ಒಂದೊಂದು ಸೇರಿದರೆ, ಅನ್ನ ರೊಟ್ಟಿಯಿಂದ ಬರುವುದನ್ನೂ ಕೂಡಿ ಗುರಿ ಮುಟ್ಟುತ್ತದೆ.

ಮೀನು ತಿನ್ನುವವರು ವಾರಕ್ಕೆರಡು ಸಲ ಬಂಗುಡೆ ಅಥವಾ ಭೂತಾಯಿ ತಿನ್ನಿ, ಕರಿದದ್ದಕ್ಕಿಂತ ಸಾರು ಒಳ್ಳೆಯದು. ಮಿದುಳಿಗೆ ಬೇಕಾದ ಒಮೆಗಾ-3 ಕೊಬ್ಬು ದುಬಾರಿ ಅಂಜಲ್‌ಗಿಂತ ಈ ಅಗ್ಗದ ಮೀನುಗಳಲ್ಲೇ ಧಾರಾಳ. ಸಸ್ಯಾಹಾರಿಗಳಿಗೆ ಉತ್ತರ ಕರ್ನಾಟಕದ ಅಗಸಿ ಹಿಂಡಿ ಇದೆ. ಅಗಸೆ ಬೀಜವನ್ನು ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿಮಾಡಲೇಬೇಕು. ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಮಾತ್ರ ಹುರಿದು, ಕೆಂಪುಮೆಣಸು, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿ. ಎರಡು ವಾರಕ್ಕಾಗುವಷ್ಟೇ ಮಾಡಿ ಫ್ರಿಜ್‌ನಲ್ಲಿಡಿ. ಪುಡಿಯಾದ ಮೇಲೆ ಇದರ ಎಣ್ಣೆ ಬೇಗ ಮುಗ್ಗುತ್ತದೆ, ಕಹಿ ವಾಸನೆ ಬಂದರೆ ಎಸೆಯಿರಿ. ದಿನಕ್ಕೊಂದು ದೊಡ್ಡ ಚಮಚ ಸಾಕು. ಗುರೆಳ್ಳು ಚಟ್ನಿ ರುಚಿಯಲ್ಲಿ ಮುಂದು, ಆದರೆ ಒಮೆಗಾ-3 ಅದರಲ್ಲಿ ಇಲ್ಲವೆಂದೇ ಹೇಳಬೇಕು. ಅಗಸೆಯಲ್ಲಿರುವುದು ಕೂಡ ಮೀನಿನ ರೂಪಕ್ಕೆ ಬದಲಾಗುವುದು ಬಹಳ ಸ್ವಲ್ಪ, ಹಾಗಾಗಿ ಅದರಿಂದ ಪವಾಡ ನಿರೀಕ್ಷಿಸಬಾರದು.

ಬಾಳೆಹಣ್ಣಿನಲ್ಲಿ ಮನಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಎಂಬ ರಾಸಾಯನಿಕ ಇದೆ, ತಿಂದರೆ ಖುಷಿಯಾಗುತ್ತದೆ ಎಂಬ ಮಾತು ಹರಿದಾಡುತ್ತಿರುತ್ತದೆ. ಹೊಟ್ಟೆಗೆ ಹೋದ ಸೆರೊಟೋನಿನ್ ಮಿದುಳಿನ ರಕ್ಷಣಾ ಪದರ ದಾಟುವುದಿಲ್ಲ. ಬಾಳೆಹಣ್ಣು ತಿನ್ನಿ, ಅದು ಸುಲಿದರೆ ಸಾಕು ಅನ್ನುವಷ್ಟು ಸುಲಭದ ಊಟ ಅನ್ನುವುದಕ್ಕೆ.

ಕಾಫಿಯನ್ನು ಬಿಡಬೇಕಿಲ್ಲ. ಎರಡು ಲೋಟ, ಎರಡೂ ಮಧ್ಯಾಹ್ನಕ್ಕೆ ಮೊದಲು, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ. ಸಂಜೆ ಐದಕ್ಕೆ ಕುಡಿದ ಕೆಫೀನಿನ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ. ಆರು ಲೋಟ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ತಲೆನೋವು, ಸಿಡುಕು ಶುರುವಾಗಿ ಖಿನ್ನತೆಯೇ ಹೆಚ್ಚಾದಂತೆ ಅನಿಸುತ್ತದೆ. ಮೂರು ದಿನಕ್ಕೆ ಅರ್ಧ ಲೋಟದಂತೆ ಇಳಿಸಿ. ಮದ್ಯದ ವಿಷಯ ಬೇರೆ. ಅದು ಬೇಗ ನಿದ್ದೆ ತರಿಸಿ, ಮೂರು ಗಂಟೆಗೆ ಎಬ್ಬಿಸುತ್ತದೆ, ಮರುದಿನದ ಮಂಕನ್ನು ಇಮ್ಮಡಿಸುತ್ತದೆ, ಮಾತ್ರೆಯ ಜೊತೆ ಸೇರಿ ಅಪಾಯ ತರುತ್ತದೆ. ಆದರೆ ದಿನವೂ ಹೆಚ್ಚು ಕುಡಿಯುವವರು ಮನೆಯಲ್ಲೇ ಹಠ ಹಿಡಿದು ಏಕಾಏಕಿ ನಿಲ್ಲಿಸಬಾರದು. ಎರಡು ಮೂರು ದಿನದಲ್ಲಿ ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಕುತ್ತಾಗಬಹುದು. ಆಸ್ಪತ್ರೆಯಲ್ಲಿ ನಿಲ್ಲಿಸಬೇಕು.

ಬೆಳಕು, ನಡಿಗೆ, ನಿದ್ದೆ

2024ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯೊಂದು 218 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿತು. ನಡಿಗೆ ಅಥವಾ ನಿಧಾನ ಓಟ, ಯೋಗ, ಸ್ನಾಯು ಬಲಪಡಿಸುವ ವ್ಯಾಯಾಮ ಖಿನ್ನತೆಗೆ ಚೆನ್ನಾಗಿ ಒಗ್ಗುತ್ತವೆ ಎಂದು ಕಂಡುಬಂತು. ತೊಂದರೆ ಇರುವುದು ಶುರುಮಾಡುವಲ್ಲಿ. "ಮನಸ್ಸು ಬಂದಾಗ ಹೋಗುತ್ತೇನೆ" ಎಂದರೆ ಮನಸ್ಸು ಬರುವುದೇ ಇಲ್ಲ. ಕೆಲಸ ಮೊದಲು, ಮನಸ್ಸು ಅದರ ಹಿಂದೆ. ಗೋವಾದಲ್ಲಿ ಸಂಗಾತ್ ಸಂಸ್ಥೆಯವರು ಇದೇ ತತ್ವದ ಮೇಲೆ, ಮನೋವೈದ್ಯರಲ್ಲದ ಸಾಮಾನ್ಯ ಸಲಹೆಗಾರರಿಗೆ ತರಬೇತಿ ಕೊಟ್ಟು, ಆರರಿಂದ ಎಂಟು ಭೇಟಿಗಳ ಚಿಕಿತ್ಸೆಯೊಂದನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಸಿದರು. ತೀವ್ರ ಖಿನ್ನತೆಯವರಲ್ಲೂ ಅದು ಫಲ ಕೊಟ್ಟಿತೆಂದು 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು.

ಮನೆಯಲ್ಲಿ ಮಾಡುವ ಬಗೆ: ಹಿಂದಿನ ರಾತ್ರಿಯೇ ಚಪ್ಪಲಿ ಬಾಗಿಲ ಬಳಿ ಇಡಿ. ಬೆಳಗ್ಗೆ ಹಾಲಿನ ಪ್ಯಾಕೆಟ್ ತರಲು ಬೀದಿ ಕೊನೆಯ ಅಂಗಡಿಗೆ ನಡೆದುಹೋಗಿ. ಮೊದಲ ವಾರ ಹತ್ತು ನಿಮಿಷ, ಆಮೇಲೆ ವಾರಕ್ಕೆ ಐದೈದು ನಿಮಿಷ ಸೇರಿಸುತ್ತಾ ಮೂವತ್ತಕ್ಕೆ ಬನ್ನಿ. ಹೊರಗೆ ಹೋಗಲಾಗದ ದಿನ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ, ಸಂಜೆ ಇನ್ನೊಮ್ಮೆ. ಅವತ್ತಿಗೆ ಅದೇ ವ್ಯಾಯಾಮ.

ಬಿಸಿಲಿನಲ್ಲಿ ಎರಡು ಬಗೆಯ ಪ್ರಯೋಜನಗಳಿವೆ, ಜನ ಒಂದಕ್ಕೊಂದು ಬೆರೆಸಿಬಿಡುತ್ತಾರೆ. ಎದ್ದ ಒಂದೆರಡು ಗಂಟೆಯೊಳಗಿನ ಬಯಲ ಬೆಳಕು ಮಿದುಳಿನ ಗಡಿಯಾರ ಸರಿಮಾಡುತ್ತದೆ. ಮೋಡವಿದ್ದರೂ ಅದು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಟ್ಟು ಪ್ರಖರ, ಇಪ್ಪತ್ತು ನಿಮಿಷ ಸಾಕು. ಆದರೆ ಆ ಎಳೆಬಿಸಿಲಿನಲ್ಲಿ ವಿಟಮಿನ್ ಡಿ ಸಿಗುವುದಿಲ್ಲ. ಅದಕ್ಕೆ ಹನ್ನೊಂದರಿಂದ ಎರಡರ ನಡುವಿನ ಬಿಸಿಲು ಕೈ ಮುಖಕ್ಕೆ ನೇರ ಬೀಳಬೇಕು, ಕಿಟಕಿ ಗಾಜಿನ ಹಿಂದೆ ಕೂತರೆ ಬರುವುದಿಲ್ಲ. ಬ್ರಿಟನ್, ಕೆನಡಾದಂಥ ಕಡೆ ಇರುವ ಕನ್ನಡಿಗರಿಗೆ ಚಳಿಗಾಲದಲ್ಲಿ ಈ ಎರಡೂ ಸಾಕಷ್ಟು ಸಿಗುವುದಿಲ್ಲ. ವರ್ಷವೂ ನವೆಂಬರ್ ಹೊತ್ತಿಗೆ ಮಂಕು ಶುರುವಾಗುವವರು 10,000 ಲಕ್ಸ್ ದೀಪದ ಮುಂದೆ ಬೆಳಗ್ಗೆ ಅರ್ಧ ಗಂಟೆ ಕೂರುವ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳಬಹುದು. ಬೈಪೋಲಾರ್ (ಖಿನ್ನತೆ, ಉನ್ಮಾದ ಎರಡೂ ಬಂದುಹೋಗುವ ಕಾಯಿಲೆ) ಇರುವವರು ಕೇಳದೆ ಮಾಡಬಾರದು, ಉನ್ಮಾದಕ್ಕೆ ತಿರುಗುವ ಭಯವಿದೆ.

ನಿದ್ದೆಗೆ ನಿಯಮ ಮೂರೇ. ಏಳುವ ಹೊತ್ತು ಬದಲಿಸಬೇಡಿ. ಹಗಲು ಮಲಗಿದರೆ ಅರ್ಧ ಗಂಟೆ, ಅದೂ ಮೂರರೊಳಗೆ. ಇಪ್ಪತ್ತು ನಿಮಿಷ ಹೊರಳಾಡಿಯೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂರಿ, ಕಣ್ಣೆಳೆದಾಗ ಮತ್ತೆ ಹೋಗಿ. ಮೊಬೈಲು ಬೇರೆ ಕೋಣೆಯಲ್ಲಿರಲಿ.

ಮನೆಯವರು

"ಊಟ ಮಾಡ್ತೀಯಾ?" ಎಂದು ಕೇಳಿದರೆ ಬರುವ ಉತ್ತರ "ಬೇಡ" ಎಂಬುದೊಂದೇ. ಖಿನ್ನತೆಯಲ್ಲಿ ಬೇಕು ಎನ್ನುವುದಕ್ಕೂ ಶಕ್ತಿ ಬೇಕು. ಕೇಳಬೇಡಿ, ತಟ್ಟೆ ತನ್ನಿ. "ಮೊಸರನ್ನ ಕಲಸಿದೀನಿ ಕಣಪ್ಪ, ನನ್ ಜೊತೆ ಎರಡ್ ತುತ್ತು ತಿನ್ನು ಬಾ" ಎಂದು ಪಕ್ಕದಲ್ಲಿ ಕೂತು ನೀವೂ ಉಣ್ಣಿ. ತಟ್ಟೆಯಲ್ಲಿ ಬಿಟ್ಟದ್ದನ್ನು ಎಣಿಸಬೇಡಿ. ಊಟದ ಹೊತ್ತಿನಲ್ಲಿ ಕೆಲಸ, ಮದುವೆ, ಸಾಲದ ಮಾತು ಬೇಡ.

ಕಾಯಿಲೆ ಬಿದ್ದವರು ಮನೆಗೆ ಅಡುಗೆ ಮಾಡುವವರೇ ಆಗಿದ್ದರೆ ಇದೆಲ್ಲ ತಲೆಕೆಳಗಾಗುತ್ತದೆ. ಎಲ್ಲರಿಗೂ ಬಡಿಸಿ, ಆರಿದ ಅನ್ನಕ್ಕೆ ಉಳಿದ ಸಾರು ಸುರಿದುಕೊಂಡು, ಅಥವಾ ಅದೂ ಇಲ್ಲದೆ ಏಳುವ ಅಮ್ಮನ ಹಸಿವು ಸತ್ತಿದ್ದು ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಅಡುಗೆ ನಡೆಯುತ್ತಲೇ ಇರುತ್ತದೆ. ಇಂಥ ಮನೆಯಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ ದಿನಕ್ಕೆ ಒಂದು ಹೊತ್ತಿನ ಅಡುಗೆಯನ್ನು ಬೇರೆಯವರು ಕೈಗೆತ್ತಿಕೊಳ್ಳುವುದು, ಅವರ ತಟ್ಟೆಗೆ ಮೊದಲು ಬಡಿಸುವುದು. ಬಾಣಂತಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸೊಪ್ಪು ನಂಜು, ಹಣ್ಣು ಶೀತ, ನೀರು ಕಡಿಮೆ ಕುಡಿ ಎಂಬ ಪಥ್ಯದಲ್ಲಿ ಕಬ್ಬಿಣಾಂಶ ತಳ ಕಾಣಬಹುದು. ಹೆರಿಗೆಯಾಗಿ ಎರಡು ವಾರ ದಾಟಿದರೂ ಅಳು, ಮಗುವಿನ ಬಗ್ಗೆ ನಿರಾಸಕ್ತಿ, ಮಗು ಮಲಗಿದಾಗಲೂ ನಿದ್ದೆ ಬಾರದಿರುವುದು ಇದ್ದರೆ ಅದು ಬಾಣಂತಿಯ ಸುಸ್ತಲ್ಲ, ವೈದ್ಯರಿಗೆ ತೋರಿಸಬೇಕಾದ ಖಿನ್ನತೆ.

ಮಾತ್ರೆ ಶುರುವಾಗಿದ್ದರೆ ತಿಂಡಿಯ ಮೇಲೆ ನುಂಗಲಿ, ಓಕರಿಕೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಮನಸ್ಸು ಹಗುರಾಗಲು ಎರಡರಿಂದ ಆರು ವಾರ ಬೇಕು. ಅದಕ್ಕೆ ಮೊದಲು ನಿದ್ದೆ, ಹಸಿವು ಸುಧಾರಿಸಿದರೆ ಒಳ್ಳೆಯ ಸೂಚನೆ. ಪೂರ್ತಿ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರೇ ನಿಧಾನವಾಗಿ ಇಳಿಸಬೇಕು. ಜೊತೆಗೆ ಅಂಗಡಿಯಲ್ಲಿ ಸಿಗುವ ಪೂರಕಗಳಾದ ಅಶ್ವಗಂಧ, 5-ಎಚ್‌ಟಿಪಿ, ಸೇಂಟ್ ಜಾನ್ಸ್ ವರ್ಟ್ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ. ಕೊನೆಯ ಎರಡು ಈ ಮಾತ್ರೆಗಳ ಜೊತೆ ಸೇರಿದರೆ ಸೆರೊಟೋನಿನ್ ವಿಪರೀತ ಏರಿ ಜ್ವರ, ನಡುಕ, ಗೊಂದಲ ತರಬಲ್ಲವು. ಅಶ್ವಗಂಧ ಥೈರಾಯ್ಡ್ ಮಟ್ಟವನ್ನು ಏರುಪೇರು ಮಾಡಬಹುದು.

ನಾಲ್ಕು ಹೊತ್ತಿನಲ್ಲಿ ಒಂದೊಂದು ಉಂಡಾಗಲೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಹಾಕಿ. ದಿನಕ್ಕೆ ನಾಲ್ಕು ಚುಕ್ಕೆಯ ಈ ಅಭ್ಯಾಸ ಗುಣವಾದ ಮೇಲೂ ಉಳಿಯಲಿ. ಖಿನ್ನತೆ ಮರುಕಳಿಸುವಾಗ ಬೇಸರ ಕಾಣಿಸುವ ಮೊದಲೇ ಈ ಚುಕ್ಕೆಗಳು ತಪ್ಪತೊಡಗಬಹುದು, ಹೆಚ್ಚಾಗಿ ಬೆಳಗಿನದ್ದೇ ಮೊದಲು. ಒಂದು ವಾರದಲ್ಲಿ ಮೂರು ಬೆಳಗಿನ ಚುಕ್ಕೆ ತಪ್ಪಿದರೆ ಕೆಟ್ಟ ದಿನದ ಡಬ್ಬಿಗೆ ವಾಪಸ್ ಹೋಗಿ, ಏಳುವ ಹೊತ್ತನ್ನು ಮತ್ತೆ ಹಿಡಿಯಿರಿ. ಮುಂದಿನ ವಾರವೂ ತಪ್ಪಿದರೆ ತಿಂಗಳ ಭೇಟಿಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ, ಆ ಕ್ಯಾಲೆಂಡರ್ ಹಾಳೆಯ ಫೋಟೋ ತೆಗೆದು ಕಳಿಸಿ.